ಎಣಿಕೆಗೆ ಸಿಗದ ತಿಮಿಂಗಿಲಗಳು

1977ರ ಜೂನ್ ತಿಂಗಳಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಸಭೆ ಸೇರಿದ್ದ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ, ಅಲಾಸ್ಕಾದ ಮೂಲನಿವಾಸಿ ಬೇಟೆಗಾರರಿಗೆ ಅಲ್ಲಿಯವರೆಗೆ ನಡೆದು ಬಂದಿದ್ದ ವಿನಾಯಿತಿಯನ್ನು ತೆಗೆದುಹಾಕಿತು. 1978ರ ಹಂಗಾಮಿನಿಂದ ಅವರು ಒಂದೇ ಒಂದು ಬೋಹೆಡ್ ತಿಮಿಂಗಿಲವನ್ನೂ ಹೊಡೆಯುವಂತಿರಲಿಲ್ಲ. ಬೇರಿಂಗ್, ಚುಕ್ಚಿ ಮತ್ತು ಬ್ಯೂಫೋರ್ಟ್ ಕಡಲುಗಳಲ್ಲಿ ಓಡಾಡುವ ಬೋಹೆಡ್‌ಗಳು ಎಷ್ಟೆಂದರೂ 2,000ದೊಳಗೆ, ಬಹುಶಃ ಕೆಲವೇ ನೂರು ಉಳಿದಿವೆ ಎಂಬುದು ವಿಜ್ಞಾನಿಗಳ ಅಂದಾಜಾಗಿತ್ತು. ಸುದ್ದಿ ಅಲಾಸ್ಕಾದ ಉತ್ತರ ತುದಿಯ ಬ್ಯಾರೋ ಪಟ್ಟಣಕ್ಕೆ (2016ರಿಂದ ಅದರ ಹೆಸರು ಉತ್ಕ್ಯಾಗ್ವಿಕ್) ಮುಟ್ಟಿದಾಗ ಅಲ್ಲಿನ ಇನ್ಯೂಪಿಯಾಟ್ ಬೇಟೆಗಾರರು ಎರಡು ಮಾತು ಹೇಳಿದರು. ತಿಮಿಂಗಿಲವಿಲ್ಲದೆ ನಮ್ಮ ಬದುಕಿಲ್ಲ ಎಂಬುದು ಮೊದಲನೆಯದು. ಅದನ್ನು ಜಗತ್ತು ಕೇಳಿಸಿಕೊಂಡಿತು, ಮರುಕವನ್ನೂ ಪಟ್ಟಿತು. ನಿಮ್ಮ ಲೆಕ್ಕವೇ ತಪ್ಪು ಎಂಬುದು ಎರಡನೆಯದು. ಇದನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಹತ್ತು ವರ್ಷದ ಕಥೆ ಈ ಎರಡನೇ ಮಾತಿನದು. ಇದನ್ನು ಸಾಮಾನ್ಯವಾಗಿ ಸಂಪ್ರದಾಯ ವಿಜ್ಞಾನವನ್ನು ಸೋಲಿಸಿದ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಒಟ್ಟು ತಿಮಿಂಗಿಲಗಳೆಷ್ಟು ಎಂಬ ಸಂಖ್ಯೆ ಬೇಟೆಗಾರರಿಗೂ ಗೊತ್ತಿರಲಿಲ್ಲ. ಎಣಿಸುವವರ ಕಣ್ಣಿಗೆ ಬೀಳದ ತಿಮಿಂಗಿಲಗಳು ಎಲ್ಲಿರುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಅಷ್ಟು ಸಾಕಾಯಿತು.

ಬೋಹೆಡ್‌ಗಳಿಗೆ ಆ ಗತಿ ತಂದವರು ಯಾರು ಎಂಬುದನ್ನು ಮೊದಲು ನೋಡಬೇಕು. 1848ರಲ್ಲಿ ಅಮೆರಿಕದ ನಾವಿಕ ಥಾಮಸ್ ವೆಲ್ಕಮ್ ರಾಯ್ಸ್ ತನ್ನ ‘ಸುಪೀರಿಯರ್’ ಹಡಗನ್ನು ಬೇರಿಂಗ್ ಜಲಸಂಧಿಯಾಚೆಗೆ ನುಗ್ಗಿಸಿದ. ಅಲ್ಲಿ ಅವನಿಗೆ ಕಂಡದ್ದು ನಿಧಾನಕ್ಕೆ ಈಜುವ, ಸತ್ತರೂ ತೇಲುವ, ಅರ್ಧ ಮೀಟರಿನಷ್ಟು ದಪ್ಪ ಕೊಬ್ಬು ಹೊತ್ತ ಪ್ರಾಣಿ. ಅದರ ಬಾಯೊಳಗೆ ಜೋತುಬಿದ್ದ ಬಾಚಣಿಗೆಯಂಥ ಬಾಲೀನ್ ಪಟ್ಟಿಗಳು ನಾಲ್ಕು ಮೀಟರಿನವರೆಗೂ ಉದ್ದವಿದ್ದವು. ಕೊಬ್ಬು ದೀಪದ ಎಣ್ಣೆಯಾಯಿತು, ಬಾಲೀನ್ ಪಾಶ್ಚಾತ್ಯ ಹೆಂಗಸರ ಸೊಂಟ ಬಿಗಿಯುವ ಕಾರ್ಸೆಟ್‌ಗೆ ಹೋಯಿತು. ಮೊದಲ ಎರಡು ದಶಕಗಳಲ್ಲೇ ಅರ್ಧಕ್ಕೂ ಮಿಕ್ಕಿ ತಿಮಿಂಗಿಲಗಳು ಖಾಲಿಯಾದವು. 1871ರಲ್ಲಿ 30ಕ್ಕೂ ಹೆಚ್ಚು ಹಡಗುಗಳು ಮಂಜುಗಡ್ಡೆಗೆ ಸಿಕ್ಕಿ ಪುಡಿಯಾದರೂ ವ್ಯಾಪಾರ ನಿಲ್ಲಲಿಲ್ಲ. ಅದು ನಿಂತದ್ದು 20ನೇ ಶತಮಾನದ ಆರಂಭದಲ್ಲಿ, ಬಾಲೀನ್‌ಗೆ ಬೆಲೆ ಬಿದ್ದುಹೋದಾಗ. ಅಷ್ಟರಲ್ಲಿ ಸತ್ತಿದ್ದವು ಸುಮಾರು 18,000 ಬೋಹೆಡ್‌ಗಳು. ಹಡಗುಗಳು ಮರಳಿ ಹೋದ ಮೇಲೆ ಕರಾವಳಿಯ ಹಳ್ಳಿಗಳವರು ಹಿಂದಿನಂತೆಯೇ ವರ್ಷಕ್ಕೆ ಹತ್ತು ಹದಿನೈದು ತಿಮಿಂಗಿಲ ಹಿಡಿದುಕೊಂಡು ಇದ್ದರು. ವ್ಯಾಪಾರಿಗಳಿಂದ ಅವರಿಗೆ ಉಳಿದದ್ದು ಕಪ್ಪು ಮದ್ದಿನ ಬಾಂಬು ಸಿಡಿಸುವ ಬಂದೂಕುಗಳು ಮತ್ತು ಕೆಲವು ಮಿಶ್ರ ಕುಟುಂಬಗಳು. 19ನೇ ಶತಮಾನದ ಕೊನೆಯಲ್ಲಿ ಬ್ಯಾರೋಗೆ ಬಂದು ನೆಲೆಸಿದ ಚಾರ್ಲ್ಸ್ ಬ್ರೋವರ್ ಇನ್ಯೂಪಿಯಾಟ್ ಹೆಣ್ಣನ್ನು ಮದುವೆಯಾದ. ಅವನ ಮಗ ಹ್ಯಾರಿ ಬ್ರೋವರ್ ಈ ಕಥೆಯಲ್ಲಿ ಮುಂದೆ ಬರುತ್ತಾರೆ.

ಆಯೋಗದ ಭಯಕ್ಕೆ ಕಾರಣವಿರಲಿಲ್ಲ ಎನ್ನುವಂತಿಲ್ಲ. 1968ರಲ್ಲಿ ಪ್ರೂಡೋ ಬೇಯಲ್ಲಿ ಎಣ್ಣೆ ಸಿಕ್ಕಿತು, 1971ರಲ್ಲಿ ಮೂಲನಿವಾಸಿಗಳ ಭೂಹಕ್ಕಿನ ಒಪ್ಪಂದವಾಯಿತು, ಕೈಯಲ್ಲಿ ಸಂಬಳದ ದುಡ್ಡು ಓಡಾಡತೊಡಗಿತು. ತಿಮಿಂಗಿಲ ಬೇಟೆಗೆ ದೋಣಿ, ಮದ್ದುಗುಂಡು, ಇಡೀ ತಂಡಕ್ಕೆ ವಾರಗಟ್ಟಲೆ ಊಟ ಬೇಕು. ಇದನ್ನೆಲ್ಲ ಹೊಂದಿಸುವವನೇ ಉಮಿಯಾಲಿಕ್, ಅಂದರೆ ತಂಡದ ಯಜಮಾನ. ಮೊದಲು ವರ್ಷಗಟ್ಟಲೆ ಹಿರಿಯರ ಕೈಕೆಳಗೆ ಪಳಗಿದವರಿಗೆ ದಕ್ಕುತ್ತಿದ್ದ ಆ ಜಾಗ ಈಗ ಸಂಬಳ ಕೂಡಿಸಿಟ್ಟ ಯುವಕರ ಕೈಗೂ ಎಟುಕಿತು. ತಂಡಗಳು ಹೆಚ್ಚಿದವು, ಪಳಗಿದ ಕೈ ಕಡಿಮೆಯಾಯಿತು. ಈಟಿಗೆ ಕಟ್ಟಿದ ಹಗ್ಗ ಮತ್ತು ತೇಲುಬುರುಡೆ ತಿಮಿಂಗಿಲಕ್ಕೆ ಸಿಕ್ಕಿಕೊಳ್ಳುವ ಮೊದಲೇ ಭುಜದ ಬಂದೂಕು ಹಾರಿಸಿದರೆ ಗಾಯಗೊಂಡ ಪ್ರಾಣಿ ಮಂಜಿನಡಿ ನುಗ್ಗಿ ಕಣ್ಮರೆಯಾಗುತ್ತದೆ. 1977ರಲ್ಲಿ ನೂರಕ್ಕೂ ಹೆಚ್ಚು ತಿಮಿಂಗಿಲಗಳಿಗೆ ಪೆಟ್ಟು ಬಿತ್ತು, ದಡ ಸೇರಿದವು ಮೂವತ್ತಕ್ಕಿಂತ ಕಡಿಮೆ. ಒಟ್ಟು ಇರುವುದೇ ಸಾವಿರದ ಸುಮಾರು ಎಂದು ನಂಬಿದವರಿಗೆ ಇದು ನಿರ್ನಾಮದ ಹಾದಿಯಂತೆ ಕಂಡದ್ದು ಸಹಜ. 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದಿಂದಲೂ ಅಮೆರಿಕ ಸರ್ಕಾರ ಜಪಾನ್ ಮತ್ತು ಸೋವಿಯತ್ ಒಕ್ಕೂಟಕ್ಕೆ ತಿಮಿಂಗಿಲ ಉಳಿಸುವ ಬುದ್ಧಿ ಹೇಳುತ್ತಿತ್ತು. ತನ್ನ ಮನೆಯವರ ವಿಷಯ ಬಂದಾಗ ಆಯೋಗದ ತೀರ್ಮಾನಕ್ಕೆ ಆಕ್ಷೇಪ ಎತ್ತಲು ಅದಕ್ಕೆ ಮುಖವಿರಲಿಲ್ಲ.

ಬೇಟೆಗಾರರು ಸುಮ್ಮನೆ ಕೂರಲಿಲ್ಲ. ಆಗಸ್ಟ್ ತಿಂಗಳಲ್ಲಿ ಬ್ಯಾರೋದಲ್ಲಿ ಒಂಬತ್ತು ಹಳ್ಳಿಗಳ ಯಜಮಾನರು ಸೇರಿ ಅಲಾಸ್ಕಾ ಎಸ್ಕಿಮೋ ತಿಮಿಂಗಿಲ ಬೇಟೆ ಆಯೋಗವನ್ನು ಕಟ್ಟಿದರು. ಸೇಂಟ್ ಲಾರೆನ್ಸ್ ದ್ವೀಪದ ಯೂಪಿಕ್ ಜನರೂ ಅದರಲ್ಲಿದ್ದರು. ಜೇಕಬ್ ಆಡಮ್ಸ್ ಅದರ ಮೊದಲ ಅಧ್ಯಕ್ಷ. ಅಮೆರಿಕ ಸರ್ಕಾರದ ಮೇಲೆ ಹೂಡಿದ ಮೊಕದ್ದಮೆ ಮೇಲಿನ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ನಡೆದ ವಿಶೇಷ ಸಭೆ ಪೂರ್ಣ ನಿಷೇಧವನ್ನು ಸಡಿಲಿಸಿ, 1978ಕ್ಕೆ 12 ತಿಮಿಂಗಿಲ ದಡ ಸೇರುವವರೆಗೆ ಅಥವಾ 18ಕ್ಕೆ ಪೆಟ್ಟು ಬೀಳುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಅವಕಾಶ ಕೊಟ್ಟಿತು. ಒಂಬತ್ತು ಹಳ್ಳಿಗೆ ಹಂಚಿದರೆ ಹಳ್ಳಿಗೆ ಎರಡು ಪೆಟ್ಟು. ಹೆಚ್ಚಿಗೆ ಬೇಕಿದ್ದರೆ ಹೆಚ್ಚಿನ ತಿಮಿಂಗಿಲಗಳಿವೆ ಎಂದು ತೋರಿಸಿ ಎಂಬುದು ಸಭೆಯ ಒಳಮಾತು.

ತೋರಿಸುವುದಾದರೂ ಹೇಗೆ? ಬೋಹೆಡ್‌ಗಳು ಚಳಿಗಾಲವನ್ನು ಬೇರಿಂಗ್ ಕಡಲಿನಲ್ಲಿ ಕಳೆದು ಏಪ್ರಿಲ್‌ನಿಂದ ಜೂನ್‌ವರೆಗೆ ಬ್ಯಾರೋ ಮೂತಿಯನ್ನು ಸುತ್ತಿ ಪೂರ್ವಕ್ಕೆ ಸಾಗುತ್ತವೆ. ದಡಕ್ಕೆ ಕಚ್ಚಿಕೊಂಡ ಮಂಜುಗಡ್ಡೆಗೂ ಕಡಲಿನಲ್ಲಿ ತೇಲುವ ಮಂಜುಗಡ್ಡೆಗೂ ನಡುವೆ ಗಾಳಿ ತಿರುಗಿದಾಗ ನೀರಿನ ಸೀಳೊಂದು ತೆರೆದುಕೊಳ್ಳುತ್ತದೆ. ಸರ್ಕಾರಿ ವಿಜ್ಞಾನಿಗಳು ಮಂಜಿನ ದಿಬ್ಬಗಳ ಮೇಲೆ ಕುಳಿತು ಈ ಸೀಳಿನಲ್ಲಿ ಹಾದುಹೋಗುವ ತಿಮಿಂಗಿಲಗಳನ್ನು ಎಣಿಸಿದರು. ತಿಮಿಂಗಿಲ ಗಾಳಿ ಉಸಿರಾಡುವ ಪ್ರಾಣಿ, ಆದ್ದರಿಂದ ತೆರೆದ ನೀರಿರುವಲ್ಲೇ ಸಾಗುತ್ತದೆ, ಸೀಳು ಮುಚ್ಚಿದರೆ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ತರ್ಕಕ್ಕೆ ಒಪ್ಪುವಂಥದ್ದೇ. 1978ರಲ್ಲಿ ಹೀಗೆ ಎಣಿಸಿ ಬಂದ ಅಂದಾಜು 2,264. ಬೇಟೆಗಾರರಿಗೆ ಇದು ತೇರಿನ ದಿನ ರಥಬೀದಿಯ ಒಂದು ತಿರುವಿನಲ್ಲಿ ನಿಂತು ಊರಿಗೆ ಬಂದವರನ್ನೆಲ್ಲ ಎಣಿಸಿದಂತೆ ಕಂಡಿತು. ಸೀಳು ಮುಚ್ಚಿದರೂ ತಿಮಿಂಗಿಲ ನಿಲ್ಲುವುದಿಲ್ಲ, ಮಂಜಿನಡಿಯಲ್ಲೇ ಸಾಗುತ್ತದೆ ಎಂದರು ಅವರು. ಬೋಹೆಡ್‌ನ ನೆತ್ತಿ ಉಬ್ಬಿಕೊಂಡಿರುತ್ತದೆ, ಉಸಿರಿನ ತೂತುಗಳು ಆ ಉಬ್ಬಿನ ತುದಿಯಲ್ಲಿರುತ್ತವೆ. ಹೊಸ ಮಂಜಿನ ಅಡಿಗೆ ಬಂದು ಅದು ನೆತ್ತಿಯಿಂದ ಒತ್ತುತ್ತದೆ. ಮಂಜು ಗುಮ್ಮಟದಂತೆ ಮೇಲೆದ್ದು, ನಕ್ಷತ್ರದಂತೆ ಬಿರಿದು, ಆ ಬಿರುಕಿನಿಂದ ಹಬೆ ಹೊರಡುತ್ತದೆ. ನೂರಾರು ಮೀಟರ್ ದೂರದಿಂದ ನೋಡುವವನಿಗೆ ಅದು ಮಂಜಿನ ಮತ್ತೊಂದು ಗುಡ್ಡೆ, ಅಷ್ಟೆ. ನಡುರಾತ್ರಿ ಗಾಳಿ ಬಿದ್ದಾಗ ಮಂಜಿನ ಅಂಚಿನ ಡೇರೆಯಲ್ಲಿ ಮಲಗಿದವನಿಗೆ ಮಾತ್ರ ದೂರದ ಆ ಉಸಿರು ಕೇಳಿಸುತ್ತದೆ. ತಿಮಿಂಗಿಲಗಳ ಸಾಲು ಕಣ್ಣಿಗೆ ಕಾಣುವ ಸೀಳಿಗಿಂತ ಬಹಳ ಅಗಲ, ಕಡಲಿನತ್ತ ಹಲವು ಮೈಲಿ ಹರಡಿರುತ್ತದೆ ಎಂದೂ ಅವರು ಹೇಳಿದರು. ಮೊದಲು ಎಳೆಯವು, ಕೊನೆಗೆ ದೊಡ್ಡವು ಮತ್ತು ಮರಿ ಜೊತೆಗಿರುವ ತಾಯಂದಿರು, ಹೀಗೆ ತಂಡತಂಡವಾಗಿ ಬರುತ್ತವೆ. ಎಣಿಸುವವರು ಗಂಟುಮೂಟೆ ಕಟ್ಟಿದ ಮೇಲೂ ಬರುತ್ತಿರುತ್ತವೆ ಎಂದೂ ಸೇರಿಸಿದರು.

ಈ ಮಾತುಗಳ ವಿಶೇಷವೆಂದರೆ ಒಂದೊಂದನ್ನೂ ಪರೀಕ್ಷಿಸಬಹುದಿತ್ತು. ಪರೀಕ್ಷಿಸಲು ಮನಸ್ಸು ಮಾಡಿದವರು ಥಾಮಸ್ ಆಲ್ಬರ್ಟ್, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಿಂದ ಬಂದಿದ್ದ ಪಶುವೈದ್ಯ ವಿಜ್ಞಾನಿ. ಹ್ಯಾರಿ ಬ್ರೋವರ್ ಎದುರು ಕುಳಿತು ಅವರು ಗಂಟೆಗಟ್ಟಲೆ ಕೇಳಿಸಿಕೊಂಡರು, ಮತ್ತೆ ಮತ್ತೆ ಕೇಳಿದರು. ಮುಂದೆ ನಾರ್ತ್ ಸ್ಲೋಪ್ ಬರೋ ಎಂಬ ಸ್ಥಳೀಯ ಸರ್ಕಾರದ ವಿಜ್ಞಾನ ಕೆಲಸದ ಹೊಣೆ ಹೊತ್ತಾಗ ಇಡೀ ಗಣತಿಯನ್ನು ಆ ಮಾತುಗಳ ಮೇಲೆ ಕಟ್ಟಿದರು. ತಿಮಿಂಗಿಲ ಕಾಣದಿದ್ದರೆ ಕೇಳಿಸೀತು ಎಂಬುದು ಉಪಾಯ. 1984ರಿಂದ ಕ್ರಿಸ್ಟೋಫರ್ ಕ್ಲಾರ್ಕ್ ಮತ್ತು ಸಂಗಡಿಗರು ಮಂಜಿನ ಅಂಚಿನುದ್ದಕ್ಕೂ ನೀರಿಗೆ ಹೈಡ್ರೋಫೋನ್ ಇಳಿಬಿಟ್ಟರು. ಒಂದೇ ಕೂಗು ಬೇರೆ ಬೇರೆ ಹೈಡ್ರೋಫೋನಿಗೆ ಬೇರೆ ಬೇರೆ ಕ್ಷಣದಲ್ಲಿ ತಲುಪುತ್ತದೆ. ಆ ಅಂತರದಿಂದ ಕೂಗಿದ ಪ್ರಾಣಿ ಎಲ್ಲಿತ್ತು ಎಂದು ಗುರುತಿಸಬಹುದು. ಸೀಳು ಮುಚ್ಚಿ ಎಣಿಸುವವರು ಬರಿಗೈಲಿ ಕುಳಿತ ದಿನಗಳಲ್ಲೂ ಕೂಗು ಕೇಳುತ್ತಲೇ ಇತ್ತು. ಕಣ್ಣಿಗೆಟುಕದ ದೂರದಲ್ಲಿ, ಮುಚ್ಚಿದ ಮಂಜಿನಡಿಯಲ್ಲಿ, ತಿಮಿಂಗಿಲಗಳು ಸಾಗುತ್ತಲೇ ಇದ್ದವು. ಕಣ್ಣಿನ ಎಣಿಕೆಗೆ ಕಿವಿಯ ಲೆಕ್ಕ ಸೇರಿಸಿದಾಗ 1988ರ ಅಂದಾಜು 7,500ರ ಆಸುಪಾಸಿಗೆ ಬಂತು. ಹತ್ತು ವರ್ಷದಲ್ಲಿ ತಿಮಿಂಗಿಲಗಳೇ ಮೂರು ಪಟ್ಟಾದವೇನೋ ಎಂದು ಕೇಳಬಹುದು. ಸಾಧ್ಯವಿಲ್ಲ. ಹೆಣ್ಣು ಬೋಹೆಡ್ ಮೊದಲ ಮರಿ ಹಾಕುವ ಹೊತ್ತಿಗೆ ಅದಕ್ಕೆ ಇಪ್ಪತ್ತು ವರ್ಷ ದಾಟಿರುತ್ತದೆ, ಆಮೇಲೆ ಮೂರು ನಾಲ್ಕು ವರ್ಷಕ್ಕೊಂದು ಮರಿ. ಮುಂದೆ ತಿಳಿದಂತೆ ಈ ಬಳಗ ಬೆಳೆದದ್ದು ವರ್ಷಕ್ಕೆ ಶೇಕಡ 3ರಿಂದ 4ರ ದರದಲ್ಲಿ. ಹತ್ತು ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಪಟ್ಟು. ಮಿಕ್ಕವೆಲ್ಲ 1977ರಲ್ಲೂ ಇದ್ದವು, ಎಣಿಕೆಗೆ ಸಿಕ್ಕಿರಲಿಲ್ಲ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಬೇಟೆಗಾರರಿಗೆ ತಿಮಿಂಗಿಲ ಬೇಕಿತ್ತು, ಹಾಗಾಗಿ ಬೇಕಾದಷ್ಟಿವೆ ಎಂದರು. ಅದು ನಿಜವಾದದ್ದು ಅವರ ಅದೃಷ್ಟ ಎನ್ನಬಹುದು. ತಮ್ಮ ಲಾಭಕ್ಕೆ ಮೀನು ಮುಗಿಯುವುದಿಲ್ಲ ಎಂದು ಸಾಧಿಸಿದ ಮೀನುಗಾರರು ಜಗತ್ತಿನಲ್ಲಿ ಕಡಿಮೆಯೇನಿಲ್ಲ. ಆದರೆ ಲಾಭದ ಮಾತು ಸಾಮಾನ್ಯವಾಗಿ ಗಾತ್ರದ ಬಗ್ಗೆ ಇರುತ್ತದೆ: ಇನ್ನೂ ಬಹಳ ಇವೆ, ಹೆದರಬೇಡಿ ಎಂಬ ಧಾಟಿ. ಬ್ಯಾರೋದವರು ಹೇಳಿದ್ದು ಕಾರ್ಯಕಾರಣದ ಮಾತು: ಇಂಥ ಗಾಳಿಯಲ್ಲಿ, ಇಂಥ ಮಂಜಿನಲ್ಲಿ, ಇಷ್ಟು ದೂರದಲ್ಲಿ, ಈ ಕಾರಣಕ್ಕೆ ನಿಮಗೆ ಕಾಣುತ್ತಿಲ್ಲ. ಸುಳ್ಳಾಗಿದ್ದರೆ ಒಂದೇ ಹಂಗಾಮಿನಲ್ಲಿ ಹೈಡ್ರೋಫೋನು ಅದನ್ನು ಬಯಲಿಗೆಳೆಯುತ್ತಿತ್ತು. ಹಾಗಿದ್ದರೆ ಕೊನೆಗೆ ತಿಳಿಸಿದ್ದು ಹೈಡ್ರೋಫೋನೇ ಅಲ್ಲವೇ, ವಿಜ್ಞಾನದ ಮುದ್ರೆ ಬೀಳುವವರೆಗೆ ಬೇಟೆಗಾರನದ್ದು ಬರೀ ಹೇಳಿಕೆಯಲ್ಲವೇ ಎಂದು ಇನ್ನೊಬ್ಬರು ಕೇಳಬಹುದು. ಮುದ್ರೆ ಬೇಕಿತ್ತು, ಒಪ್ಪೋಣ. ಜಗತ್ತಿನ ಸರ್ಕಾರಗಳು ಒಂದು ಹಳ್ಳಿಯ ಹಿರಿಯನ ಮಾತಿಗೆ ಮತ ಹಾಕುವುದಿಲ್ಲ. ಆದರೆ ತಿಮಿಂಗಿಲ ತೆರೆದ ನೀರು ಬಿಟ್ಟು ಹೋಗುವುದಿಲ್ಲ ಎಂದು ನಂಬಿದವರು ಮುಚ್ಚಿದ ಮಂಜಿನಡಿ ಕಿವಿಗೊಡಲು ಹಣ ಸುರಿಯುತ್ತಿರಲಿಲ್ಲ. ಯಂತ್ರವನ್ನು ಎಲ್ಲಿ ಇಳಿಬಿಡಬೇಕು ಎಂಬ ತಿಳಿವಳಿಕೆ ಯಂತ್ರದಿಂದ ಬಂದದ್ದಲ್ಲ. ನನ್ನ ಮಟ್ಟಿಗೆ ಬ್ರೋವರ್ ಆ ಸಂಶೋಧನೆಯ ಪಾಲುದಾರ.

ಹಣ ಎಲ್ಲಿಂದ ಬಂತು ಎಂಬುದನ್ನೂ ಮರೆಯಬಾರದು. ಈ ಕಥೆಯನ್ನು ಭಾವುಕವಾಗಿ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ. 1972ರಲ್ಲಿ ಸ್ಥಾಪನೆಯಾದ ನಾರ್ತ್ ಸ್ಲೋಪ್ ಬರೋ ತನ್ನ ಮೊದಲ ಮೇಯರ್ ಈಬೆನ್ ಹಾಪ್ಸನ್ ಕಾಲದಿಂದಲೇ ಪ್ರೂಡೋ ಬೇ ಎಣ್ಣೆ ಕಂಪನಿಗಳ ಆಸ್ತಿಗೆ ತೆರಿಗೆ ಹಾಕಿತು. ತಿಮಿಂಗಿಲ ಗಣತಿಯ ಖರ್ಚು ಹೊತ್ತದ್ದು ಆ ತೆರಿಗೆ. ಕೈತುಂಬ ಸಂಬಳ ಕೊಟ್ಟು ಅನನುಭವಿ ತಂಡಗಳನ್ನು ಮಂಜಿಗೆ ಕಳಿಸಿದ ಎಣ್ಣೆಯೇ ಆ ತಪ್ಪಿನಿಂದ ಬಂದ ನಿಷೇಧವನ್ನು ಎದುರಿಸುವ ವಿಜ್ಞಾನಕ್ಕೂ ದುಡ್ಡು ಕೊಟ್ಟಿತು. ಇಷ್ಟೇ ನಿಖರವಾದ ತಿಳಿವಳಿಕೆಯಿದ್ದು ತೆರಿಗೆ ಹಾಕಲು ಎಣ್ಣೆಬಾವಿ ಇಲ್ಲದ ಸಮುದಾಯದ ಮಾತಿಗೆ ಈ ಗೌರವ ಸಿಗುತ್ತಿತ್ತೇ? ನನಗೆ ಅನುಮಾನ. ಬೇಟೆಯ ತಪ್ಪನ್ನೂ ಬೇಟೆಗಾರರು ತಾವೇ ತಿದ್ದಿಕೊಂಡರು. ಯಜಮಾನರು ನೋಂದಣಿಯಾಗಬೇಕು, ಹಗ್ಗ ಮತ್ತು ತೇಲುಬುರುಡೆ ಸಿಕ್ಕಿಸುವ ಮೊದಲು ಭುಜದ ಬಂದೂಕು ಹಾರಿಸಬಾರದು ಎಂಬ ನಿಯಮಗಳು ಬಂದವು. 1981ರಲ್ಲಿ ಅಮೆರಿಕ ಸರ್ಕಾರ ಬೇಟೆಯ ದೈನಂದಿನ ಉಸ್ತುವಾರಿಯನ್ನೇ ಅವರ ಆಯೋಗಕ್ಕೆ ವಹಿಸಿತು. ಪೆಟ್ಟು ಬಿದ್ದ ನಾಲ್ಕು ತಿಮಿಂಗಿಲಗಳಲ್ಲಿ ಮೂರು ದಡ ಸೇರುವ ಮಟ್ಟಕ್ಕೆ ಕ್ರಮೇಣ ಕೈ ಪಳಗಿತು.

ಸಂಖ್ಯೆಯ ಜಗಳ ತಣ್ಣಗಾಗುತ್ತಿದ್ದಂತೆ ತಿಮಿಂಗಿಲದ ಮೈಯೇ ಓದುವ ಪುಸ್ತಕವಾಯಿತು. ದಡಕ್ಕೆ ಎಳೆದ ತಿಮಿಂಗಿಲವನ್ನು ಹಳ್ಳಿಯೆಲ್ಲ ಸೇರಿ ಕೊಯ್ದು ಪಾಲು ಹಾಕುವಾಗ ನಾರ್ತ್ ಸ್ಲೋಪ್ ಬರೋದ ವಿಜ್ಞಾನಿಗಳು ಪಕ್ಕದಲ್ಲಿ ನಿಂತು ಅಳೆಯುತ್ತಾರೆ, ತುಣುಕು ತೆಗೆದುಕೊಳ್ಳುತ್ತಾರೆ. ಕೊಬ್ಬು ಎಷ್ಟು ದಪ್ಪ, ಬಣ್ಣ ಹೇಗಿದೆ, ಯಕೃತ್ತು, ಮೂತ್ರಪಿಂಡ ಎಂದಿನಂತಿವೆಯೇ, ಚರ್ಮದ ಮೇಲೆ ಏನು ಗಾಯ ಎಂಬುದನ್ನೆಲ್ಲ ಮೊದಲು ಗಮನಿಸುವುದು ಚೂರಿ ಹಿಡಿದ ಕೈ. ಅದು ಹತ್ತಾರು ತಿಮಿಂಗಿಲ ಕೊಯ್ದ ಕೈ, ತಿನ್ನುವುದೂ ಅದೇ ಕೈ. ಆರೋಗ್ಯ ತಪಾಸಣೆಗೆ ಇದಕ್ಕಿಂತ ಎಚ್ಚರದ ಕಣ್ಣು ಎಲ್ಲಿ ಸಿಕ್ಕೀತು? ಚುಕ್ಚಿ ಕಡಲಿನ ರಷ್ಯಾದ ದಡದಲ್ಲಿ ಕೆಲವು ಬೂದು ತಿಮಿಂಗಿಲಗಳ ಮಾಂಸ ಔಷಧಿಯಂತೆ ನಾರುತ್ತದೆ, ನಾಯಿಗಳೂ ಮೂಸುವುದಿಲ್ಲ ಎಂದು ಮೊದಲು ಹೇಳಿದವರೂ ಬೇಟೆಗಾರರೇ. ಅಂತರರಾಷ್ಟ್ರೀಯ ಆಯೋಗ ಅದನ್ನು ಚರ್ಚೆಗೆತ್ತಿಕೊಂಡದ್ದು ಆಮೇಲೆ. ಅಲಾಸ್ಕಾದಲ್ಲಿ ದಡ ಸೇರಿದ ಬೋಹೆಡ್‌ಗಳ ಮೈಮೇಲೆ ಮೀನುಗಾರಿಕೆಯ ಹಗ್ಗ ಕೊರೆದ ಗುರುತುಗಳನ್ನು ಲೆಕ್ಕ ಹಾಕಿದಾಗ ಸುಮಾರು ಶೇಕಡ 12ರಷ್ಟಕ್ಕೆ ಅವು ಸಿಕ್ಕವು. ದಕ್ಷಿಣದ ಏಡಿ ಬೋನುಗಳ ಸುದ್ದಿ ಹೀಗೆ ಉತ್ತರಕ್ಕೆ ಬಂತು. ವಯಸ್ಸಿನದೂ ಹೀಗೇ. ಬೋಹೆಡ್ ಮನುಷ್ಯನಿಗಿಂತ ಬಹಳ ಹೆಚ್ಚು ಬಾಳುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. 1981ರಿಂದಾಚೆಗೆ ಕೊಯ್ದ ಕೆಲವು ತಿಮಿಂಗಿಲಗಳ ಕೊಬ್ಬಿನಲ್ಲಿ ಹುದುಗಿದ್ದ ಕಲ್ಲಿನ ಈಟಿಮೊನೆಗಳು ಸಿಕ್ಕವು. ಅಂಥ ಮೊನೆ ಬಳಸುವುದನ್ನು ಜನ ಬಿಟ್ಟು ಒಂದು ಶತಮಾನವಾಗಿತ್ತು. 1999ರಲ್ಲಿ ಕಣ್ಣಿನ ಮಸೂರದ ರಾಸಾಯನಿಕ ಪರೀಕ್ಷೆ ಒಂದು ತಿಮಿಂಗಿಲಕ್ಕೆ ಸುಮಾರು 211 ವರ್ಷ ಎಂದಿತು. 2007ರಲ್ಲಿ ಹಿಡಿದ ಇನ್ನೊಂದರೊಳಗೆ 19ನೇ ಶತಮಾನದ ಕೊನೆಯ ಬಾಂಬುಬಾಣದ ಚೂರಿತ್ತು. ವ್ಯಾಪಾರಿ ಹಡಗುಗಳ ಕಾಲದ ಬದುಕುಳಿದ ಸಾಕ್ಷಿಗಳು ಇನ್ನೂ ಈಜಾಡುತ್ತಿದ್ದವು. ಬೇಟೆಯ ಡೇರೆಯಲ್ಲಿ ಹೊಗೆ, ಕಸದ ವಾಸನೆ ಇರಬಾರದು, ತಿಮಿಂಗಿಲ ಮೂಸಿ ದೂರ ಹೋಗುತ್ತದೆ ಎಂಬ ಹಿರಿಯರ ಕಟ್ಟುಪಾಡನ್ನು ಹೊರಗಿನವರು ಬಹುಕಾಲ ಮೂಢನಂಬಿಕೆಯೆಂದೇ ತಿಳಿದಿದ್ದರು. ತಿಮಿಂಗಿಲಗಳಿಗೆ ವಾಸನೆ ತಿಳಿಯುವುದಿಲ್ಲ ಎಂಬುದು ಪಠ್ಯಪುಸ್ತಕದ ಮಾತು. ಸುಮಾರು 2010ರಲ್ಲಿ ಬೋಹೆಡ್‌ನ ಮಿದುಳನ್ನು ಬಿಡಿಸಿ ನೋಡಿದಾಗ ಘ್ರಾಣದ ಭಾಗ ಚೆನ್ನಾಗಿ ಬೆಳೆದದ್ದು ಕಂಡಿತು.

ಎಲ್ಲವೂ ಬೇಟೆಗಾರರು ಹೇಳಿದಂತೆಯೇ ಆಯಿತು ಎಂದರೆ ತಪ್ಪಾದೀತು. ಗಿಡ್ಡವಾಗಿ ದುಂಡಗಿರುವ, ಮೆತ್ತನೆಯ ಮಾಂಸದ ತಿಮಿಂಗಿಲವನ್ನು ಅವರು ಇಂಗುಟುಕ್ ಎಂದು ಬೇರೆ ಹೆಸರಿಟ್ಟು ಕರೆಯುತ್ತಾರೆ. ಅದೇನು ಬೇರೆ ಜಾತಿಯೇ ಎಂದು ಪರೀಕ್ಷಿಸಿದಾಗ ಬೋಹೆಡ್‌ನ ಎಳೆಯ ಪ್ರಾಯದವೇ ಎಂದು ತಿಳಿಯಿತು. ಎಣ್ಣೆ ಹುಡುಕುವ ಹಡಗುಗಳ ಸ್ಫೋಟದ ಸದ್ದಿಗೆ ತಿಮಿಂಗಿಲಗಳು 35 ಮೈಲಿ ದೂರದಿಂದಲೇ ದಾರಿ ಬದಲಿಸುತ್ತವೆ ಎಂದು 1997ರಲ್ಲಿ ಬ್ಯಾರೋದಲ್ಲಿ ಯಜಮಾನರು ಹೇಳಿಕೆ ಕೊಟ್ಟರು. ಏಳೆಂಟು ಕಿಲೋಮೀಟರ್ ಹತ್ತಿರ ಬಂದರೆ ಮಾತ್ರ ಎಂದು ಹಿಂದಿನ ಅಧ್ಯಯನಗಳು ಹೇಳಿದ್ದವು. 1996ರಿಂದ 1998ರವರೆಗಿನ ಹೊಸ ಅಧ್ಯಯನದಲ್ಲಿ ಹೆಚ್ಚಿನ ತಿಮಿಂಗಿಲಗಳು 20 ಕಿಲೋಮೀಟರ್ ಒಳಗೆ ಸುಳಿಯಲಿಲ್ಲ, ಕೆಲವು ಇನ್ನೂ ದೂರದಲ್ಲೇ ಹೊರಳಿದವು. ಪೂರಾ 35 ಮೈಲಿ ಅಲ್ಲದಿದ್ದರೂ ಹಳೆಯ ಅಂಕಿ ತೀರಾ ಕಡಿಮೆಯಾಗಿತ್ತು ಎಂಬುದು ಇದರಿಂದ ಖಚಿತವಾಯಿತು. ವ್ಯತ್ಯಾಸದ ಗುಟ್ಟು ಹಂಗಾಮಿನಲ್ಲಿತ್ತು: ಬೇಸಿಗೆಯಲ್ಲಿ ಮೇಯುತ್ತಿರುವ ತಿಮಿಂಗಿಲ ಸದ್ದನ್ನು ಸಹಿಸಿಕೊಳ್ಳುತ್ತದೆ, ಶರತ್ಕಾಲದಲ್ಲಿ ವಲಸೆ ಹೊರಟದ್ದು ಸಹಿಸುವುದಿಲ್ಲ. ಬೇಟೆಗಾರರು ನೋಡಿದ್ದು ಎರಡನೆಯದನ್ನು. ಹ್ಯಾರಿ ಬ್ರೋವರ್ ವಿಷಯವೂ ಅಷ್ಟು ಸರಳವಲ್ಲ. ಆಸ್ಪತ್ರೆಯಲ್ಲಿದ್ದಾಗ ಮರಿ ತಿಮಿಂಗಿಲವೊಂದು ತನ್ನನ್ನು ಮಂಜಿನಡಿ ಕರೆದೊಯ್ದು ತನ್ನ ತಾಯಿಯ ಸಾವನ್ನು ಹೇಳಿತು ಎಂದು ಅವರು ಹೇಳುತ್ತಿದ್ದರು. ಆ ಮಾತಿಗೆ ಹೈಡ್ರೋಫೋನಿನ ಪರೀಕ್ಷೆಯಿಲ್ಲ. ಹಾಗೆಂದು ಅವರ ಇನ್ನೊಂದು ಮಾತು ಹಗುರವಾಗುವುದಿಲ್ಲ. ಹಿರಿಯರ ತಿಳಿವಳಿಕೆ ಕೇಳಿದ ಪ್ರಶ್ನೆಯ ಗೆರೆಯೊಳಗೂ ನಿಲ್ಲುವುದಿಲ್ಲ. 1990ರ ದಶಕದಲ್ಲಿ ಸಂಶೋಧಕ ಹೆನ್ರಿ ಹಂಟಿಂಗ್ಟನ್ ಅಲಾಸ್ಕಾದ ನಾರ್ಟನ್ ಬೇಯ ಹಿರಿಯರನ್ನು ಬೆಲೂಗಾ ತಿಮಿಂಗಿಲಗಳ ಬಗ್ಗೆ ಕೇಳಿದಾಗ ಅವರು ನದಿಯ ಬೀವರ್‌ಗಳ ಬಗ್ಗೆ ಮಾತಾಡತೊಡಗಿದರು. ಬೀವರ್ ಹೆಚ್ಚಿದರೆ ಹೊಳೆಗೆ ಅಣೆಕಟ್ಟು ಬೀಳುತ್ತದೆ, ಮೀನು ಮೊಟ್ಟೆಯಿಡುವ ಜಾಗ ಹಾಳಾಗುತ್ತದೆ, ಮೀನು ತಿನ್ನುವ ಬೆಲೂಗಾಕ್ಕೆ ಕುತ್ತು. ಪ್ರಶ್ನಾವಳಿ ಹಿಡಿದು ಹೋದವನಿಗೆ ಹೊಳೆಯದ ದಾರಿ ಅದು.

ಒಪ್ಪಿಗೆಯಾದ ತಿಳಿವಳಿಕೆಗೂ ರಾಜಕೀಯದಿಂದ ರಕ್ಷಣೆಯಿಲ್ಲ ಎಂಬುದು 2002ರಲ್ಲಿ ಕಂಡಿತು. ಜಪಾನಿನ ಶಿಮೊನೊಸೆಕಿಯಲ್ಲಿ ನಡೆದ ಸಭೆ ಅಲಾಸ್ಕಾದ ಪಾಲನ್ನು ತಡೆಹಿಡಿಯಿತು. ತಿಮಿಂಗಿಲಗಳ ಸಂಖ್ಯೆಯ ಬಗ್ಗೆ ಆಗ ಯಾರಿಗೂ ತಕರಾರಿರಲಿಲ್ಲ. ತನ್ನ ಕರಾವಳಿಯ ಬೇಟೆಗೆ ಒಪ್ಪದ ಅಮೆರಿಕಕ್ಕೆ ಜಪಾನ್ ಪಾಠ ಕಲಿಸಬೇಕಿತ್ತು. ಕೆಲವೇ ತಿಂಗಳಲ್ಲಿ ವಿಶೇಷ ಸಭೆ ಕರೆದು ಅದನ್ನು ಸರಿಪಡಿಸಲಾಯಿತು. 2011ರ ಗಣತಿಯ ಹೊತ್ತಿಗೆ ಅಂದಾಜು 16,892ಕ್ಕೆ ಮುಟ್ಟಿತ್ತು. 2018ರಲ್ಲಿ ಬ್ರೆಜಿಲ್‌ನ ಫ್ಲೋರಿಯಾನೊಪೊಲಿಸ್ ಸಭೆ ಏಳು ವರ್ಷಕ್ಕೆ 392 ತಿಮಿಂಗಿಲಗಳನ್ನು ಗೊತ್ತುಮಾಡಿತು, ವಿಜ್ಞಾನ ಸಮಿತಿಯ ತಕರಾರಿಲ್ಲದಿದ್ದರೆ ತಾನಾಗಿ ನವೀಕರಣವಾಗುವ ಷರತ್ತಿನೊಂದಿಗೆ. ಮರುವರ್ಷ, 2019ರ ವಸಂತದಲ್ಲಿ, ಮಂಜು ಎಂದಿನಂತೆ ವರ್ತಿಸಲಿಲ್ಲ. ದಿಬ್ಬದ ಮೇಲೆ ಕುಳಿತವರ ಎಣಿಕೆ ಸುಮಾರು 12,500ಕ್ಕೆ ಇಳಿಯಿತು. ಅದೇ ವರ್ಷದ ವಿಮಾನ ಸಮೀಕ್ಷೆ 17,000ದ ಆಸುಪಾಸು ಹೇಳಿತು. ಮಂಜಿನ ಮೇಲಿನ ಎಣಿಕೆ ಕಡಿಮೆ ಬಂದಿರುವುದು ತಿಮಿಂಗಿಲಗಳು ಕಡಿಮೆಯಾದುದರಿಂದಲ್ಲ, ಆ ವರ್ಷದ ಮಂಜಿನ ಸ್ಥಿತಿಯಿಂದ ಇರಬಹುದು ಎಂದು ಬರೆದವರು ಈ ಸಲ ವಿಜ್ಞಾನಿಗಳೇ. ಬೇಟೆಯ ಪಾಲನ್ನು ಯಾರೂ ಕಡಿತ ಮಾಡಲಿಲ್ಲ.